ಆಚೆ ದಡದಲ್ಲಿ ಉಳಿದ ದನಿ

ಫಕೀರವ್ವ ಮೈಕಿನ ಮುಂದೆ ಬಾಗಿ ಮತ್ತೊಮ್ಮೆ ಕರೆದಳು. "ಮಲ್ಲಿಕಾರ್ಜುನಾ... ಏಳೋ ನನ್ನಪ್ಪಾ. ನಿಮ್ಮವ್ವ ಬಂದೀನಿ ನೋಡು."

ಗಾಜಿನ ಆಚೆ ಮಂಚದ ಮೇಲಿದ್ದ ದೇಹ ಮಿಸುಕಲಿಲ್ಲ. ಪರದೆಯ ಮೇಲಿನ ಹಸಿರು ಗೆರೆ ಮಾತ್ರ ಸ್ವಲ್ಪ ಮೇಲೆದ್ದು, ಏಳುತ್ತಿದ್ದಾಗಲೇ ಯಾರೋ ತಲೆಗೆ ಹೊಡೆದಂತೆ ಕುಸಿದು, ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗೆ ಹೋಗಿ ಮಲಗಿತು. ಬೆಳಗಿನಿಂದ ಹೀಗೇ ನಡೆದಿತ್ತು. ಫಕೀರವ್ವನ ಗಂಟಲು ಒಣಗಿತ್ತು. ಮುಂಡರಗಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ ನೂರಾರು ಮಕ್ಕಳನ್ನು ಒಂದೇ ಕೂಗಿಗೆ ಸಾಲು ನಿಲ್ಲಿಸುತ್ತಿದ್ದ ದನಿ ಅದು. ಇಲ್ಲಿ ಒಬ್ಬ ಮಗನನ್ನು ಎಬ್ಬಿಸಲು ಅದಕ್ಕೆ ಆಗುತ್ತಿರಲಿಲ್ಲ.

"ಸಾಕ್ರಿ ಅವ್ವಾರ, ಸ್ವಲ್ಪ ನೀರು ಕುಡೀರಿ," ಎಂದರು ಡಾಕ್ಟರ್ ರುಕ್ಸಾನಾ. ಅವರು ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

ಹುಬ್ಬಳ್ಳಿಯ ಈ ಆಸ್ಪತ್ರೆಗೆ 'ಸೇತು' ಬಂದು ಕೆಲವೇ ವರ್ಷಗಳಾಗಿದ್ದವು. ಅದಕ್ಕೂ ಮೊದಲು ತಲೆಗೆ ಇಂಥ ಪೆಟ್ಟು ಬಿದ್ದವರು ಬರೀ ಉಸಿರಾಡುತ್ತ ವರ್ಷಗಟ್ಟಲೆ ಬಿದ್ದಿರುತ್ತಿದ್ದರು. ಜಜ್ಜಿಹೋದ ಮಿದುಳಿನಲ್ಲಿ 'ನಾನು' ಎಂಬುದು ಪೂರ್ತಿ ಅಳಿದಿರುವುದಿಲ್ಲ, ಹೊಳೆ ನುಗ್ಗಿದ ಊರಿನಲ್ಲಿ ನಡುಗಡ್ಡೆಗಳು ಉಳಿದಂತೆ ಅಲ್ಲಲ್ಲಿ ತುಣುಕುಗಳಾಗಿ ಉಳಿದಿರುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡರು. ಪರಿಚಯದ ದನಿ ಕಿವಿಗೆ ಬಿದ್ದರೆ ಆ ತುಣುಕುಗಳು ಮಿನುಗುತ್ತವೆ. ತಲೆಬುರುಡೆಯೊಳಗೆ ಇಳಿಬಿಟ್ಟ, ಕೂದಲಿಗಿಂತ ಸಣ್ಣ ತಂತಿಗಳು ಆ ಮಿನುಗನ್ನು ಹಿಡಿದು, ಒಂದರಿಂದ ಇನ್ನೊಂದಕ್ಕೆ ದಾರಿ ಬೆಸೆಯುತ್ತವೆ. ದಾರಿಗಳು ಸಾಕಷ್ಟು ಕೂಡಿದಾಗ ಮಲಗಿದವರು ಕಣ್ಣು ತೆರೆದು ತಮ್ಮ ಹೆಸರು ಹೇಳುತ್ತಾರೆ. ಆದರೆ ತಂತಿಗಳ ಸುತ್ತ ಗಾಯ ಮಾಯುತ್ತ ಬಂದಂತೆ ಸೇತು ತಾನಾಗಿ ಮುಚ್ಚಿಹೋಗುತ್ತದೆ. ಅಷ್ಟರೊಳಗೆ ಕರೆಯಬೇಕು.

ಹಾಗಾಗಿ ಆ ಮಹಡಿಯಲ್ಲಿ ಹಗಲೆಲ್ಲ ಮಾತೇ ಮಾತು. ಒಂದು ಕೋಣೆಯಲ್ಲಿ ಗಂಡನೊಬ್ಬ ಹೆಂಡತಿಗೆ ಈಗ ಬದನೆಕಾಯಿ ಎಷ್ಟು ಹುಳುಕಾಗಿ ಬರುತ್ತಿವೆ ಎಂದು ಹೇಳುತ್ತಿದ್ದ. ಇನ್ನೊಂದರಲ್ಲಿ ಮೊಮ್ಮಗಳು ಅಜ್ಜನಿಗೆ ಮಗ್ಗಿ ಒಪ್ಪಿಸುತ್ತಿದ್ದಳು. ಊರುಗಳಲ್ಲಿ ಈಗ ಮದುವೆಯಾದ ಹೊಸ ಜೋಡಿಗಳು ಏನಾದರೂ ಆದರೆ ಇರಲಿ ಎಂದು ಒಬ್ಬರ ದನಿಯನ್ನು ಇನ್ನೊಬ್ಬರಿಗಾಗಿ ಮೊದಲೇ ಮುದ್ರಿಸಿಡುತ್ತಿದ್ದರು.

ನಿಯಮದ ಪ್ರಕಾರ ಕರೆಯುವ ಹಕ್ಕು ಮೊದಲು ರಕ್ತಸಂಬಂಧಿಗಳದು. ಅವರು ಒಪ್ಪದೆ ಬೇರೆಯವರ ದನಿಯನ್ನು ಒಳಗೆ ಬಿಡುವಂತಿರಲಿಲ್ಲ. ಫಕೀರವ್ವ ಒಪ್ಪಿರಲಿಲ್ಲ, ಆದ್ದರಿಂದಲೇ ಸುಗಂಧಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅವಳು ಸಿಟಿ ಬಸ್ಸಿನ ಡ್ರೈವರ್. ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಯುತ್ತಿದ್ದ ಈ ಜೀವ ಅಟ್ಟಣಿಗೆಯಿಂದ ಬಿದ್ದಾಗ ಅದನ್ನು ಎತ್ತಿ ಆಸ್ಪತ್ರೆಗೆ ತಂದವಳೂ, ಮುಂಡರಗಿಗೆ ಫೋನು ಮಾಡಿದವಳೂ ಅವಳೇ. ನಾಲ್ಕು ವರ್ಷದಿಂದ ಅವರಿಬ್ಬರೂ ಒಂದೇ ಮನೆಯಲ್ಲಿದ್ದರು. ಆಸ್ಪತ್ರೆಯ ಲೆಕ್ಕದಲ್ಲಿ ಅವಳು ಯಾರೂ ಅಲ್ಲ.

ಡಾಕ್ಟರ್ ರುಕ್ಸಾನಾ ಪರದೆಯ ಗೆರೆಯನ್ನು ಹಿಂದಕ್ಕೆ ಸರಿಸಿ, ಬೆರಳಿಟ್ಟು ತೋರಿಸಿದರು. "ಇಲ್ಲಿ ನೋಡ್ರಿ ಅವ್ವಾರ. ನೀವು 'ಮಲ್ಲಿಕಾ' ಅನ್ನೂತನಕ ಗೆರೆ ಏರತೈತಿ. 'ಅರ್ಜುನ' ಅಂತ ಬಂದ ಕೂಡ್ಲೇ ಬೀಳತೈತಿ. ಪ್ರತಿ ಸಲಾನೂ ಹಿಂಗ. ಅರ್ಧಾ ಹೆಸರಿಗೆ ಒಳಗಿಂದ ಯಾರೋ ಓಗೊಡಾಕತ್ತಾರ. ಪೂರ್ತಿ ಹೆಸರಿಗೆ ಬಾಗಲಾ ಹಾಕ್ಕೊಳ್ತಾರ."

ಫಕೀರವ್ವನಿಗೆ ಅರ್ಥವಾಗಿತ್ತು. ಊರು ಬಿಟ್ಟು ಹೋದ ಮೇಲೆ ಮಗ ಹೆಸರಿನ ಅರ್ಧವನ್ನು ಬಿಸಾಕಿ, ಉಳಿದರ್ಧವನ್ನು ಇಟ್ಟುಕೊಂಡು, ಸೀರೆ ಉಟ್ಟು ಓಡಾಡುತ್ತಾನೆ ಎಂಬ ಸುದ್ದಿ ಅವಳ ಕಿವಿಗೆ ಬಿದ್ದಿತ್ತು.

"ಅದು ನಾ ಇಟ್ಟ ಹೆಸರಲ್ರಿ," ಎಂದಳು. "ಯಂತ್ರ ಹೇಳತೈತೇನ್ರಿ, ಅಂವ ಹೆಣ್ಣಂತ?"

"ಯಂತ್ರ ಏನೂ ಹೇಳೂದಿಲ್ಲ. ಹೆಣ್ಣು, ಗಂಡು ಅಂತ ಮಿದುಳಿನ್ಯಾಗ ಎಲ್ಲೂ ಬರದಿರೂದಿಲ್ರಿ. ಯಾವ ಹೆಸರಿಗೆ ಒಳಗಿನವ್ರು ಹೂಂ ಅಂತಾರ ಅನ್ನೋದಷ್ಟ ನನಗ ಕಾಣತೈತಿ." ಡಾಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮೈ ಅನ್ನೋದು ಒಂದು. ನಾ ಹೆಣ್ಣೋ ಗಂಡೋ, ಎರಡೂ ಅಲ್ಲೋ ಅಂತ ಒಳಗ ತಿಳದಿರೂದು ಇನ್ನೊಂದು. ಮನಸು ಯಾರ ಕಡೆ ಎಳೀತೈತಿ ಅನ್ನೋದು ಮತ್ತೊಂದು. ನಿಮ್ಮೊಳಗೂ ಇವು ಬ್ಯಾರೆ ಬ್ಯಾರೆ ಅದಾವ, ನನ್ನೊಳಗೂ ಅದಾವ. ನಮ್ಮವು ಎಂದೂ ಒಂದಕ್ಕೊಂದು ಜಗಳಾಡಿಲ್ಲ. ಹಂಗಾಗಿ ಅವು ಬ್ಯಾರೆ ಅನ್ನೋದು ನಮಗ ಗೊತ್ತಾಗಿಲ್ಲ, ಅಷ್ಟ."

ಫಕೀರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾಳೆ ಮತ್ತ ಕರೀತೀನ್ರಿ. ನಾನ ಇಟ್ಟ ಹೆಸರು ಹಿಡದು ಕರೀತೀನಿ. ಅಂವ ಬರ್ತಾನ."

ಹುಬ್ಬಳ್ಳಿಯಲ್ಲಿ ಅವಳಿಗೆ ಉಳಿಯಲು ಬೇರೆ ಜಾಗ ಇರಲಿಲ್ಲ. ಉಣಕಲ್ ಕಡೆಯ ಸುಗಂಧಾಳ ಬಾಡಿಗೆ ಮನೆಗೇ ಬರಬೇಕಾಗಿತ್ತು. ಎರಡು ಕೋಣೆಯ ಮನೆ. ಗೋಡೆಯ ಮೇಲೆ ಅರ್ಧ ಬರೆದ ಒಂದು ಕೊಕ್ಕರೆಯ ಚಿತ್ರ. ಹಗ್ಗದ ಮೇಲೆ ಬಣ್ಣದ ಕಲೆಗಳಾದ ಎರಡು ಹಳೇ ಸೀರೆ. ಒಂದೇ ಮಂಚ. ಮೊದಲ ದಿನ ಅದನ್ನು ನೋಡಿ ಫಕೀರವ್ವ ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿಕೊಂಡಿದ್ದಳು. ಸುಗಂಧಾ ಎಷ್ಟು ಹೇಳಿದರೂ ಎದ್ದಿರಲಿಲ್ಲ.

ಆ ಸಂಜೆ ಸುಗಂಧಾ ರೊಟ್ಟಿ ಬಡಿದು, ಝುಣಕಾ ಮಾಡಿ ತಾಟಿನಲ್ಲಿಟ್ಟಳು. ಇಬ್ಬರೂ ಎದುರುಬದುರು ಕೂತರು. ಎರಡು ತುತ್ತು ಉಂಡ ಮೇಲೆ ಫಕೀರವ್ವನಿಗೆ ತಡೆಯಲಾಗಲಿಲ್ಲ.

"ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ. ಹೆಣ್ಣಾಗೂದ ಇತ್ತು ಅಂದ್ರ ಒಬ್ಬ ಗಂಡಸನ್ನರ ನೋಡ್ಕೋಬೇಕಿತ್ತು. ನಿನ್ನಂಥಾಕಿ ಮ್ಯಾಲ ಮನಸಿತ್ತು ಅಂದ್ರ ಗಂಡಾಗೇ ಇದ್ದು ನಿನ್ನ ಮದುವಿ ಆಗಬಹುದಿತ್ತು. ನಾನ ನಿಂತು ಮಾಡತಿದ್ದೆ. ಇದೆಂಥಾದ್ದು? ಯಾವ ಕಡೆಯಿಂದ ನೋಡಿದ್ರೂ ನನ್ನ ತಲಿಗೆ ಹತ್ತವಲ್ದು."

ಸುಗಂಧಾ ಸಿಟ್ಟಾಗಲಿಲ್ಲ. ರೊಟ್ಟಿಯ ಚೂರನ್ನು ತಾಟಿನ ಅಂಚಿಗೆ ಸರಿಸಿದಳು. ಆಮೇಲೆ ಹೇಳಿದಳು. "ನಾನೂ ಆಕಿನ್ನ ಇದನ್ನ ಕೇಳಿದ್ದೆ ಅವ್ವಾರ. ಆಕಿ ನಕ್ಕಳು. 'ಗಂಡಾಗಿ ಇದ್ದಾಗ ಯಾರನ್ನೂ ಪ್ರೀತಿ ಮಾಡಾಕ ಆಗಲಿಲ್ಲ ಸುಗಂಧಾ. ಪ್ರೀತಿ ಮಾಡಬೇಕಂದ್ರ ಮೊದಲ ನಾ ಅಲ್ಲಿ ಇರಬೇಕಲ್ಲ. ನಾನ ಇರಲಿಲ್ಲ' ಅಂದ್ಲು."

ಫಕೀರವ್ವ ಊಟ ಮುಗಿಸಲಿಲ್ಲ. ಕೈ ತೊಳೆದು ಬಂದು ಗೋಡೆಯ ಕೊಕ್ಕರೆಯ ಎದುರು ನಿಂತಳು. ಮನೆ ತುಂಬ ಓಡಾಡುತ್ತ, ಉಣ್ಣುತ್ತ, ಓದುತ್ತ ಹತ್ತೊಂಬತ್ತು ವರ್ಷ ಕಣ್ಣೆದುರೇ ಬೆಳೆದ ಕೂಸು 'ನಾನ ಇರಲಿಲ್ಲ' ಎಂದರೆ, ತಾನು ಇಷ್ಟು ವರ್ಷ ಉಣಿಸಿದ್ದು ಯಾರಿಗೆ?

ಮರುದಿನವೂ ಅದರ ಮರುದಿನವೂ ಅವಳು ಪೂರ್ತಿ ಹೆಸರನ್ನೇ ಹಿಡಿದು ಕರೆದಳು. ಬೇಡಿಕೊಂಡಳು. ಗದರಿಸಿದಳು. ಕುಲದೇವರ ಹೆಸರಿನಲ್ಲಿ ಆಣೆ ಹಾಕಿದಳು. ಗೆರೆ ದಿನದಿನಕ್ಕೆ ಕುಗ್ಗಿತು. ಈಗ 'ಮಲ್ಲಿಕಾ' ಎಂಬಲ್ಲಿಯೂ ಅದು ಮೊದಲಿನಂತೆ ಏರುತ್ತಿರಲಿಲ್ಲ. ಡಾಕ್ಟರ್ ರುಕ್ಸಾನಾ ತಂತಿಗಳನ್ನು ಪರೀಕ್ಷಿಸಿ ಬಂದು, ಗಾಯ ತಾವು ಅಂದುಕೊಂಡದ್ದಕ್ಕಿಂತ ಬೇಗ ಮಾಯುತ್ತಿದೆ ಎಂದರು. ಅವರ ಮುಖ ನೋಡಿದ ಮೇಲೆ ಫಕೀರವ್ವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಅವಳು ಮತ್ತೆ ಮೈಕಿನ ಮುಂದೆ ಕೂತಳು. ಆಮೇಲೆ, ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯುವವರಂತೆ ಕಣ್ಣು ಮುಚ್ಚಿ, ಅರ್ಧ ಹೆಸರನ್ನು ಹೇಳಿದಳು.

"ಮಲ್ಲಿಕಾ."

ಗೆರೆ ಎದ್ದಿತು. ಇಷ್ಟು ದಿನ ಕಾಣದಷ್ಟು ಎತ್ತರಕ್ಕೆ ಎದ್ದು ಅಲ್ಲೇ ನಿಂತಿತು. ಮಂಚದ ಮೇಲಿನ ದೇಹದ ರೆಪ್ಪೆಗಳು ಅದುರಿದವು. ಡಾಕ್ಟರ್ ತಮ್ಮ ಕುರ್ಚಿಯಿಂದ ಎದ್ದು, "ಮಾತಾಡ್ರಿ, ನಿಲ್ಲಸಬ್ಯಾಡ್ರಿ" ಎಂದು ಪಿಸುಗುಟ್ಟಿದರು.

"ಮಲ್ಲಿಕಾ, ನನ್ನವ್ವಾ, ನಾನು, ನಿಮ್ಮವ್ವ. ಬಾ, ಎದ್ದು ಬಾ..." ಫಕೀರವ್ವ ಮೈಕಿಗೆ ಇನ್ನಷ್ಟು ಬಾಗಿದಳು. ಕೂಸು ಸಣ್ಣದಿದ್ದಾಗ ಹಾಡುತ್ತಿದ್ದ ಜೋಗುಳದ ಸೊಲ್ಲು ತಾನಾಗಿಯೇ ಬಾಯಿಗೆ ಬಂತು.

ಹಾಡು ಶುರುವಾಗಿದ್ದೇ ತಡ, ಗೆರೆ ಹುಚ್ಚುಹುಚ್ಚಾಗಿ ಜಿಗಿಯತೊಡಗಿತು. ಮಂಚದ ಮೇಲಿನ ದೇಹ ಬಿಲ್ಲಿನಂತೆ ಬಾಗಿ ಸೆಟೆದುಕೊಂಡಿತು. ಹಲ್ಲು ಕಚ್ಚಿಕೊಂಡವು. ನರ್ಸುಗಳು ಒಳಗೆ ಓಡಿದರು. ಡಾಕ್ಟರ್ ಮೈಕನ್ನು ಆರಿಸಿದರು. ಮೈಕು ಆರಿದ್ದು ಗೊತ್ತಾಗದೆ ಫಕೀರವ್ವ ಇನ್ನೂ ಹಾಡುತ್ತಲೇ ಇದ್ದಳು. ಯಾರೋ ಅವಳ ಹೆಗಲು ಹಿಡಿದು ಹೊರಗೆ ಕರೆತಂದರು. ಅದು ಸುಗಂಧಾ.

ಸೆಟೆತ ಇಳಿದು ದೇಹ ಮತ್ತೆ ಮೊದಲಿನಂತೆ ಮಲಗಿತು. ಡಾಕ್ಟರ್ ರುಕ್ಸಾನಾ ಹೊರಗೆ ಬಂದು ಇಬ್ಬರ ನಡುವೆ ಬೆಂಚಿನ ಮೇಲೆ ಕೂತರು. "ಹೆಸರು ಸರಿ ಇತ್ತು. ಆದ್ರ ನಿಮ್ಮ ದನಿ ಕೇಳಿ ಆ ಜೀವ ಅಂಜೇತಿ ಅವ್ವಾರ. ಬರೀ ಅಂಜಿಕಿ ಅಲ್ಲ, ನೋವು. ಹಾಡು ಬಂದಾಗ ಭಾಳ ಆತು. ಯಾಕಂತ ನಿಮಗೇನರ ಗೊತ್ತೈತೇನು?"

"ನಾ ಎಂದೂ ಕೈ ಎತ್ತಿದಾಕಿ ಅಲ್ರಿ," ಎಂದಳು ಫಕೀರವ್ವ.

"ಅವ್ವಾರಿಗೆ ಗೊತ್ತಿಲ್ರಿ," ಎಂದಳು ಸುಗಂಧಾ. "ಮಲ್ಲಿಕಾ ನನಗ ಹೇಳ್ಯಾಳ. ಇವರಿಗೆ ಹೇಳಬ್ಯಾಡ ಅಂತ ಆಣೆ ತೊಗೊಂಡಿದ್ಲು."

ಹತ್ತೊಂಬತ್ತರ ವಯಸ್ಸಿನಲ್ಲಿ ಮಗ ತನ್ನೊಳಗಿನದನ್ನು ಹೇಳಿಕೊಂಡಾಗ ಫಕೀರವ್ವ ಹೆದರಿ, ಯಾರೋ ಹೇಳಿದರೆಂದು ಅವನನ್ನು ಒಂದು 'ಮನೋಸುಧಾರಣಾ ಕೇಂದ್ರ'ಕ್ಕೆ ಸೇರಿಸಿದ್ದಳು. ಅಲ್ಲಿಯವರು ಅವಳನ್ನು ಚೊಕ್ಕಟವಾದ ಕೋಣೆಯಲ್ಲಿ ಕೂಡಿಸಿ, ಚಹಾ ಕೊಟ್ಟು, ತಾಯಿಯ ದನಿ ಕೇಳಿದರೆ ಹುಡುಗನಿಗೆ ಧೈರ್ಯ ಬರುತ್ತದೆ ಎಂದು ಹೇಳಿ ಅವಳ ದನಿಯನ್ನು ಮುದ್ರಿಸಿಕೊಂಡಿದ್ದರು. ಅವಳು ತನ್ನಲ್ಲಿದ್ದ ಅಷ್ಟೂ ಅಕ್ಕರೆಯಿಂದ ಹೆಸರು ಹಿಡಿದು ಕರೆದಿದ್ದಳು. ಜೋಗುಳ ಹಾಡಿದ್ದಳು.

"ಆ ದನಿ ಹಚ್ಚತಿದ್ರಂತ್ರಿ," ಸುಗಂಧಾ ನೆಲ ನೋಡುತ್ತ ಹೇಳಿದಳು. "ಕಣ್ಣಮುಂದ ಸೀರಿ, ಬಳಿ ತೋರಸೂದು. ಇವರ ದನಿ ಹಚ್ಚೂದು. ಕರೆಂಟ್ ಕೊಡೂದು. ಎಷ್ಟೋ ದಿನಾ. ಹೆಣ್ಣಾಗೂ ಆಸೆ ಬಿಟ್ಟು ಅವ್ವನ ದನಿ ಹಿಡಕೋಲಿ ಅಂತ ಅವರ ಲೆಕ್ಕ. ಆದ್ರ ನೋವು ಹೋಗಿ ಕುಂತಿದ್ದು ದನಿ ಮ್ಯಾಲ."

ಫಕೀರವ್ವ ಅಳಲಿಲ್ಲ. ಕೇಂದ್ರದಿಂದ ಬಂದ ಮಗ ಅವಳು ಕರೆದರೆ ಬೆಚ್ಚುತ್ತಿದ್ದುದು, ಉಣ್ಣಲು ಕೂಗಿದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದುದು, ಕೊನೆಗೆ ಹೇಳದೆ ಕೇಳದೆ ಊರು ಬಿಟ್ಟದ್ದು, ಎಲ್ಲವೂ ಅವಳಿಗೆ ನೆನಪಾಯಿತು. ಮಗನಿಗೆ ತನ್ನ ಮೇಲೆ ತಿರಸ್ಕಾರ ಎಂದುಕೊಂಡು ಇಷ್ಟು ವರ್ಷ ಹಟ ಹಿಡಿದಿದ್ದಳು. ಅವಳ ಎರಡೂ ಕೈ ತಾವಾಗಿಯೇ ಅವಳ ಗಂಟಲನ್ನು ಹಿಡಿದುಕೊಂಡವು.

ಡಾಕ್ಟರ್ ರುಕ್ಸಾನಾ ಆ ಮಧ್ಯಾಹ್ನವೆಲ್ಲ ಯಂತ್ರದ ಕೋಣೆಯಲ್ಲಿ ಕೂತು ಲೆಕ್ಕ ಹಾಕಿದರು. ಆಮೇಲೆ ಇಬ್ಬರನ್ನೂ ಒಳಗೆ ಕರೆದರು. ಪರದೆಯ ಮೇಲೆ ಮಿನುಗುವ ನೂರಾರು ಚುಕ್ಕೆಗಳಿದ್ದವು. ಒಂದು ಕಡೆ ಗುಂಪಾಗಿ ಕೆಂಪಗಿದ್ದವು.

"ಸುಗಂಧಾ ಅವರ ದನಿಯಿಂದ ಸೇತು ಕಟ್ಟಬಹುದು. ಆ ಹೆಸರು, ಆ ಮನಿ, ಇವರ ಮ್ಯಾಲಿನ ಪ್ರೀತಿ, ಬಣ್ಣ, ಕೆಲಸ ಎಲ್ಲಾ ಹಿಡಿತಕ್ಕ ಸಿಗತಾವ. ಆದ್ರ ಈ ಕೆಂಪು ಕಾಣತೈತಲ್ರಿ, ಇದು ಅವ್ವಾರ ದನಿ. ಆ ನೋವು ಇದಕ್ಕ ಬೆಸಕೊಂಡು ಹೋಗೇತಿ. ಬ್ಯಾರೆ ಮಾಡಾಕ ಬರೂದಿಲ್ಲ. ಇದನ್ನೂ ಸೇತುವಿಗೆ ಜೋಡಿಸಿದ್ರ, ಅಂಜಿಕಿ ಎಲ್ಲಾ ದಾರಿಯೊಳಗೂ ಹರೀತೈತಿ. ಕಣ್ಣು ತೆರದ್ರೂ ತನ್ನ ಮೈ ಕಂಡು ತಾನ ಹೆದರೂ ಜೀವ ಆಗತೈತಿ. ಕಣ್ಣು ತೆರೀತಾರೋ ಇಲ್ಲೋ ಅದೂ ಗ್ಯಾರಂಟಿ ಇಲ್ಲ."

"ಜೋಡಸಲಿಲ್ಲ ಅಂದ್ರ?" ಎಂದು ಕೇಳಿದಳು ಫಕೀರವ್ವ.

"ಅದು ಆಚೆ ದಡದಾಗ ಉಳೀತೈತಿ. ಸ್ವಲ್ಪ ದಿನಕ್ಕ ಆರಿಹೋಗತೈತಿ."

"ಏನೇನು ಹೋಗತೈತ್ರಿ?"

ಡಾಕ್ಟರ್ ಕೆಂಪು ಚುಕ್ಕೆಗಳ ಮೇಲೆ ಬೆರಳಿಟ್ಟರು. "ನಿಮ್ಮ ದನಿ ಎಲ್ಲೆಲ್ಲಿ ಐತೋ, ಅಷ್ಟೂ."

ಫಕೀರವ್ವ ಮನಸ್ಸಿನಲ್ಲೇ ಹುಡುಕಾಡಿದಳು. ತನ್ನ ದನಿ ಇಲ್ಲದ ಜಾಗ ಯಾವುದಿತ್ತು ಆ ಮನೆಯಲ್ಲಿ? ಗಂಡ ಸತ್ತ ವರ್ಷ ತಾಯಿ-ಮಗ ಇಬ್ಬರೇ ಹಂಚಿಕೊಂಡು ಉಂಡ ಗಂಜಿ. ಶಾಲೆಯ ಅಡುಗೆಕೋಣೆಯಲ್ಲಿ ತನ್ನ ಮಗ್ಗುಲಲ್ಲಿ ಕೂತು ಇದ್ದಿಲಿನಿಂದ ನೆಲದ ಮೇಲೆ ಬರೆದ ಮೊದಲ ಚಿತ್ರ. ಜ್ವರ ಬಂದಾಗ ಹಣೆಯ ಮೇಲಿಟ್ಟ ಒದ್ದೆ ಬಟ್ಟೆ. ಬಾಲ್ಯಕ್ಕೆ ಬಾಲ್ಯವೇ ಹೋಗುತ್ತಿತ್ತು.

"ಬ್ಯಾಡ್ರಿ ಅವ್ವಾರ," ಎಂದಳು ಸುಗಂಧಾ. "ಇಬ್ಬರ ದನಿನೂ ಹಾಕೋಣು. ಆದದ್ದಾಗಲಿ. ಆಕಿ ನಿಮ್ಮನ್ನ ಬಿಟ್ಟಿರಲಿಲ್ರಿ. ಆಗಾಗ ನಿಮಗ ಫೋನ್ ಹಚ್ಚತಿದ್ಲು. ನೀವು 'ಹಲೋ' ಅಂದ ಕೂಡ್ಲೇ ಇಟ್ಟುಬಿಡತಿದ್ಲು. ಅಂಜಿಕಿ ಇತ್ತು, ಆದ್ರ ಮತ್ತ ಹಚ್ಚತಿದ್ಲು. ಅದನ್ನೆಲ್ಲಾ ಕಿತ್ತು ಒಗದು ಆಕಿನ್ನ ಎಬ್ಬಿಸಿದ್ರ, ನಾಳೆ ಆಕಿ ಮಾರಿ ನಾ ಹೆಂಗ ನೋಡಲಿ?"

ಯಾರೂ ಮಾತಾಡದ ಆ ಕರೆಗಳು ಫಕೀರವ್ವನಿಗೆ ನೆನಪಿದ್ದವು. ಯಾವನೋ ಪುಂಡ ಎಂದುಕೊಂಡು ಒಮ್ಮೆ ಬೈದೂ ಇದ್ದಳು.

ಅವಳು ಗಾಜಿನ ಹತ್ತಿರ ಹೋಗಿ ನಿಂತಳು. ಕೂದಲು ಬೋಳಿಸಿದ ತಲೆ, ಕಿವಿಯಲ್ಲಿ ಓಲೆಯ ಸಣ್ಣ ತೂತು, ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ನೀಲಿ ಬಣ್ಣ. ಉಸಿರು ಹೋಗಿ ಬರುತ್ತಿತ್ತು. ಈ ಜೀವ ಎಷ್ಟು ಅಂಜುತ್ತ ತನಗೆ ಫೋನು ಹಚ್ಚಿತ್ತೋ. ಇನ್ನು ಮೇಲೆ ಅದು ಅಂಜಬಾರದು.

"ನನ್ನನ್ನ ಬಿಡ್ರಿ ಡಾಕ್ಟರ್ ಬಾಯಾರ," ಎಂದಳು. "ಅಲ್ಲೇ ಬಿಡ್ರಿ. ಆಕಿನ್ನ ಈಚೆ ಕರಕೊಂಡು ಬರ್ರಿ."

ಅವಳು 'ಆಕಿ' ಎಂದದ್ದನ್ನು ಇಬ್ಬರೂ ಗಮನಿಸಿದರು.

ಒಪ್ಪಿಗೆಯ ಮಾತನ್ನು ಯಂತ್ರದ ಮುಂದೆ ಹೇಳಿ ಮುಗಿಸಿದ ಮೇಲೆ ಫಕೀರವ್ವ ಒಂದೇ ಒಂದು ಕೇಳಿಕೊಂಡಳು. ಬಾಯಿ ಬಿಡುವುದಿಲ್ಲ, ಒಮ್ಮೆ ಒಳಗೆ ಹೋಗಿ ಬರುತ್ತೇನೆ ಎಂದಳು. ಡಾಕ್ಟರ್ ಬಾಗಿಲು ತೆರೆದರು. ಅವಳು ಮಂಚದ ಪಕ್ಕ ನಿಂತು ಮಗಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತುಟಿ ಬಿಗಿದುಕೊಂಡೇ ಇದ್ದಳು. ಗಂಟಲಿನಿಂದ ಸಣ್ಣ ಸದ್ದು ಬರುತ್ತದೇನೋ ಅನಿಸಿದಾಗ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಬಂದಳು.

ಆಮೇಲೆ ಸುಗಂಧಾ ಮೈಕಿನ ಮುಂದೆ ಕೂತಳು. ಬಸ್ಸಿನಲ್ಲಿ ಆ ದಿನ ಯಾರ ಕೋಳಿ ತಪ್ಪಿಸಿಕೊಂಡಿತು, ಗೋಡೆಯ ಕೊಕ್ಕರೆಗೆ ಇನ್ನೂ ಕಾಲು ಬರೆದಿಲ್ಲ, ಮೇಲಿನ ಮನೆಯವರು ಮತ್ತೆ ನಲ್ಲಿ ತೆರೆದಿಟ್ಟು ನೀರು ಚೆಲ್ಲಿದ್ದಾರೆ ಎಂದು ಹೇಳುತ್ತಲೇ ಹೋದಳು. ಗೆರೆ ಮೆಲ್ಲಗೆ ಏರತೊಡಗಿತು. ಪರದೆಯ ಮೇಲೆ ಚುಕ್ಕೆಗೆ ಚುಕ್ಕೆ ಕೂಡಿ ದಾರಿಗಳಾದವು. ಫಕೀರವ್ವ ಹೊರಗಿನ ಬೆಂಚಿನಿಂದ, ಬಾಗಿಲ ಗಾಜಿನಲ್ಲಿ ಕಾಣುತ್ತಿದ್ದ ಪರದೆಯ ಕೆಂಪು ಗುಂಪನ್ನೇ ನೋಡುತ್ತಿದ್ದಳು. ಅದರ ಹತ್ತಿರಕ್ಕೆ ಬಂದ ದಾರಿಗಳು ಅದನ್ನು ಸುತ್ತಿಕೊಂಡು ಮುಂದೆ ಹೋದವು. ದಿನ ಕಳೆದಂತೆ ಆ ಕೆಂಪು ಮಸುಕಾಯಿತು. ಒಂದು ಬೆಳಿಗ್ಗೆ ಅವಳು ಬಂದು ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ಅದೇ ದಿನ ಮಲ್ಲಿಕಾ ಕಣ್ಣು ತೆರೆದು, "ಸುಗಂಧಾ, ನೀರು" ಎಂದಳು. ಮಹಡಿಯ ಜನವೆಲ್ಲ ಸಂತೋಷಪಟ್ಟು ಪೇಢೆ ಹಂಚಿಕೊಂಡರು. ಫಕೀರವ್ವ ತನ್ನ ಪಾಲಿನ ಪೇಢೆಯನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ತಿನ್ನಲಾಗಲಿಲ್ಲ.

ಮಲ್ಲಿಕಾ ನಡೆಯುವುದನ್ನು, ಚಮಚ ಹಿಡಿಯುವುದನ್ನು ಮತ್ತೆ ಕಲಿಯುವವರೆಗೆ ಆಸ್ಪತ್ರೆಯಲ್ಲೇ ಇರಬೇಕಾಯಿತು. ಫಕೀರವ್ವ ಉಣಕಲ್ಲಿನ ಮನೆಯಲ್ಲಿ ಅಡುಗೆ ಮಾಡಿ ಸುಗಂಧಾಳ ಕೈಯಲ್ಲಿ ಬುತ್ತಿ ಕಳಿಸುತ್ತಿದ್ದಳು. ಡಾಕ್ಟರ್ ಇನ್ನೂ ದನಿ ಕೇಳಿಸಬೇಡಿ ಎಂದಿದ್ದರು. ಮನೆಗೆ ಕರೆತರುವ ದಿನ ಹತ್ತಿರ ಬಂದಾಗ ಅವಳು ಗಂಟು ಕಟ್ಟಿಕೊಂಡು ಊರಿಗೆ ಹೊರಟಿದ್ದಳು. ಸುಗಂಧಾ ಬಿಡಲಿಲ್ಲ. ಡಾಕ್ಟರೂ ಪರೀಕ್ಷೆ ಮಾಡಿ, ಈಗ ತಾಯಿಯ ದನಿ ಮಲ್ಲಿಕಾಗೆ ಬರೀ ಒಂದು ದನಿ, ಹಳೆಯ ನೋವಿಲ್ಲ, ಮಾತಾಡಬಹುದು ಎಂದರು.

ಮಲ್ಲಿಕಾ ಕೋಲೂರಿಕೊಂಡು ಹೊಸಿಲು ದಾಟಿ ಬಂದಳು. ಮಂಚದ ಮೇಲೆ ಕೂತು ಸುಧಾರಿಸಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುದುಕಿಯನ್ನು ನೋಡಿ ಕೈ ಮುಗಿದಳು.

"ನೀವು ಯಾರ್ರಿ?"

ಸುಗಂಧಾ ಏನೋ ಹೇಳಹೊರಟಳು. ಫಕೀರವ್ವ ಕೈಸನ್ನೆ ಮಾಡಿ ತಡೆದಳು. ಮನೆಗೆಲಸಕ್ಕೆ ಬಂದವಳು ಎನ್ನಬಹುದಿತ್ತು. ಸುಗಂಧಾಳ ಸಂಬಂಧಿ ಎನ್ನಬಹುದಿತ್ತು. ಹಾಗೆ ಹೇಳಿ ಒಂದು ಮೂಲೆಯಲ್ಲಿ ಇದ್ದುಬಿಡಬಹುದು ಎಂದು ಎಷ್ಟೋ ದಿನ ಯೋಚಿಸಿದ್ದಳು.

"ನಾ ನಿಮ್ಮವ್ವ," ಎಂದಳು.

ಮಲ್ಲಿಕಾ ಬೆಚ್ಚಲಿಲ್ಲ. ಅವಳ ಮುಖದಲ್ಲಿ ಅಂಜಿಕೆಯೂ ಇರಲಿಲ್ಲ, ಗುರುತೂ ಇರಲಿಲ್ಲ. ಬಸ್ಸಿನಲ್ಲಿ ಹಿರಿಯರಿಗೆ ಜಾಗ ಬಿಡುವಂತೆ ಪಕ್ಕಕ್ಕೆ ಸರಿದಳು.

"ಕುಂದರ್ರಿ. ನನಗ ನೆನಪಿಲ್ರಿ, ಬ್ಯಾಸರ ಮಾಡಕೋಬ್ಯಾಡ್ರಿ. ಅಪ್ಪನ ಮಾರಿ ಸ್ವಲ್ಪ ನೆನಪೈತಿ. ನೀವು ಎಲ್ಲೂ ಇಲ್ಲ. ಯಾಕ ಇಲ್ರಿ?"

"ನಿನ್ನ ನೆನಪಿನ್ಯಾಗ ನಾ ಇದ್ದಷ್ಟೂ ಜಾಗಾ ನೋಯತಿತ್ತು," ಎಂದಳು ಫಕೀರವ್ವ. "ಅದಕ್ಕ ತಗಿಸಿದೆ. ನಾನ ಹೇಳಿ ತಗಿಸಿದೆ."

"ಯಾಕ ನೋಯತಿತ್ತು?"

"ಹೇಳತೀನಿ. ಮುಚ್ಚಿಡೂದಿಲ್ಲ. ಕೇಳಿದ ಮ್ಯಾಲ ನೀ ಹೋಗು ಅಂದ್ರ ಹೋಗತೀನಿ."

ಮಲ್ಲಿಕಾ ಕೂದಲು ಆಗತಾನೇ ಚಿಗುರಿದ್ದ ತಲೆಯ ಮೇಲೆ ಕೈಯಾಡಿಸಿಕೊಂಡು ಹೇಳಿದಳು. "ಅದನ್ನ ಆಮ್ಯಾಲ ಹೇಳ್ರಿ. ಅಪ್ಪನ ಮಾರಿ ಬಿಟ್ರ ನನಗ ಸಣ್ಣಂದಿನ್ದು ಏನೂ ಇಲ್ರಿ, ಬರೀ ಖಾಲಿ ಐತಿ. ನಾ ಸಣ್ಣಾಕಿ ಇದ್ದಾಗ ಹೆಂಗಿದ್ದೆ? ಅದನ್ನ ಮೊದಲ ಹೇಳ್ರಿ."

ಫಕೀರವ್ವ ಮಂಚದ ತುದಿಯಲ್ಲಿ ಕೂತಳು. ಅವಳ ನೆನಪಿನಲ್ಲಿದ್ದದ್ದು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಒಬ್ಬ ಹುಡುಗ. ಎದುರಿಗಿದ್ದವಳು ಕೇಳುತ್ತಿದ್ದದ್ದು ಒಬ್ಬ ಹುಡುಗಿಯನ್ನು. ಇವಳು ಅಲ್ಲೇ ಇದ್ದಳು, ಅದೇ ಅಂಗಳದಲ್ಲಿ, ಅದೇ ಮೈಯಲ್ಲಿ. ತಾನು ಒಮ್ಮೆಯೂ ನೋಡಿರಲಿಲ್ಲ. ಈಗ ಆ ಕೂಸನ್ನು ನೆನಪಿನಲ್ಲಿ ಇಟ್ಟುಕೊಂಡವರು ಲೋಕದಲ್ಲಿ ತನ್ನ ಹೊರತು ಯಾರೂ ಉಳಿದಿರಲಿಲ್ಲ.

ಮುಟ್ಟಬೇಕೆನಿಸಿದ ಕೈಯನ್ನು ಅವಳು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡಳು.

"ನೀ ಸಣ್ಣಾಕಿ ಇದ್ದಾಗ," ಎಂದು ಶುರುಮಾಡಿದಳು. ಸೆರಗು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಹೇಳಿದಳು. "ನೀ ಸಣ್ಣಾಕಿ ಇದ್ದಾಗ, ಭಾಳ ಸುಮ್ಮನ ಇರತಿದ್ದಿ."

"ಹೂಂ," ಎಂದಳು ಮಲ್ಲಿಕಾ. "ಹೇಳ್ರಿ."